ನೃಪತುಂಗ ಬೆಟ್ಟದ ಪಾತರಗಿತ್ತಿ: ಜಗಳಾನೋ, ತಪ್ಪು ತಿಳುವಳಿಕಿನೋ?

ಉಣಕಲ್ ದಂಡಿ: ನಿನ್ನೆ ಮುಂಜಾನೆ ಹತ್ತಕ್ಕ ಹುಬ್ಬಳ್ಳಿ ನೃಪತುಂಗ ಬೆಟ್ಟದ ಕಾಲ್ದಾರಿಯೊಳಗ ನೀಲಿ ಪ್ಯಾನ್ಸಿ ಅನ್ನೋ ಪಾತರಗಿತ್ತಿ ಗಂಡೊಂದು ಬರಿ ನೆಲದ ಮ್ಯಾಲೆ ಕುಂತಿತ್ತು. ಇನ್ನೊಂದು ಬಂದದ್ದ ತಡ, ಎರಡೂ ಗಿರಿಗಿರಿ ಸುತ್ತಕೋತ ಮ್ಯಾಲೆ ಹೋದವು. ಆಮ್ಯಾಲೆ ಒಂದ ತಿರುಗಿ ಬಂದು ಅದ ಜಾಗಾದಾಗ ರೆಕ್ಕಿ ಬಿಚ್ಚಿ ಕುಂತಿತು. ಇವೂ ಜಾಗಾಕ್ಕ ಹೊಡದಾಡತಾವೇನ್ರಿ?

ಗದಗಿನ ಮಾಸ್ತರ: ಹೊಡದಾಟನ ಅದು. ಇಂಗ್ಲೆಂಡಿನ ಸಂಶೋಧಕ ಡೇವಿಸ್ ಅವರು 1978ರಾಗ ಸ್ಪೆಕಲ್ಡ್ ವುಡ್ ಅನ್ನೋ ಪಾತರಗಿತ್ತಿ ಬಗ್ಗೆ ಬರದಾರ. ಗಿಡದ ನೆರಳಿನ ನಡುವ ಬೀಳೋ ಬಿಸಿಲಿನ ತುಣುಕ ಗಂಡಿನ ಜಾಗಾ, ಹೆಣ್ಣು ಅಲ್ಲಿಗೇ ಬರತಾವು. ಮೊದಲ ಕುಂತದ್ದ ಗೆಲ್ಲತಿತ್ತು. ಅದನ್ನ ಬಲಿಯೊಳಗ ಹಿಡದಿಟ್ಟು, ಬ್ಯಾರೆದು ಬಂದು ಕುಂತ ಮ್ಯಾಲೆ ಬಿಟ್ಟರ ಹಳೇ ಮಾಲಕನ ಸೋತು ಹೋಗತಿತ್ತು. ಎರಡಕ್ಕೂ 'ಇದು ನಂದ' ಅನಿಸಿದಾಗ ಮಾತ್ರ ಸುತ್ತಾಟ ಸುಮಾರು ಹತ್ತು ಪಟ್ಟು ಉದ್ದ ಆತು.

ಕೆಲಗೇರಿ ಅಕ್ಕ: ಮಾಸ್ತರ, ಆ ಮಾತಿಗೆ 2004ರಾಗ ಕೆಂಪ್ ಮತ್ತ ವಿಕ್ಲಂಡ್ ಅನ್ನೋ ಸಂಶೋಧಕರು ಅಡ್ಡ ಬಂದಾರ. ಮೊದಲ ಕುಂತದ್ದಕ್ಕ ಗೆಲ್ಲಂಗಿಲ್ಲ, ಹುರುಪು ಹೆಚ್ಚಿದ್ದ ಗಂಡ ಜಾಗಾ ಹಿಡದಿರತದ ಅಂದ್ರು. ಇನ್ನ 'ಹೊಡದಾಟ' ಅನ್ನೋದನ್ನ ನಾ ಒಪ್ಪಂಗಿಲ್ರಿ. ಕೊಂಬಿಲ್ಲ, ಹಲ್ಲಿಲ್ಲ, ಯಾತರಿಂದ ಹೊಡೀಬೇಕು? ಜಪಾನಿನ ಸಂಶೋಧಕ ತಾಕೆಯುಚಿ 2016ರಾಗ ಬರದದ್ದು ನನಗ ಸರಿ ಅನಸತದ. ಹಾರೋವಾಗ ಎದುರಿಂದು ಗಂಡೋ ಹೆಣ್ಣೋ ತಿಳಿಯಂಗಿಲ್ಲ, ಎರಡೂ ಹೆಣ್ಣಂತ ಬೆನ್ನ ಹತ್ತತಾವು. ಕೆಲಗೇರಿ ಕೆರಿ ಕಡೆ ಲೆಮನ್ ಪ್ಯಾನ್ಸಿ ಮುಂದ ಸಣ್ಣ ಹಳ್ಳು ಒಗದ ನೋಡೀನಿ, ಅದನ್ನೂ ಬೆನ್ನ ಹತ್ತಿತು. ಹಳ್ಳಿನ ಜೋಡಿ ಎಂಥಾ ಜಗಳಾ?

ಗದಗಿನ ಮಾಸ್ತರ: ಹಳ್ಳಿನ ಮಾತು ನಾಟಿತು ತಂಗಿ. ಆದರ ತಪ್ಪು ತಿಳದದ್ದಾದರ ಅದ ಜಾಗಾಕ್ಕ ಯಾಕ ತಿರುಗಿ ಬರಬೇಕು?

ಕೆಲಗೇರಿ ಅಕ್ಕ: ಹೆಣ್ಣಿಗೆ ಕಾಯೋ ಜಾಗಾ ಅದು, ಅದಕ್ಕ. ಕಾಯತಾವು ಅನ್ನೋದರಾಗ ನನಗ ತಕರಾರಿಲ್ಲ. ಬಂದದ್ದನ್ನ ವೈರಿ ಅಂತ ಗುರುತ ಹಿಡೀತಾವು ಅನ್ನೋದಕ್ಕಷ್ಟ ಪುರಾವೆ ಕೇಳತೀನಿ.

ಹಾವೇರಿ ಹೊಲದಾಂವ: ನಮ್ಮ ಬದುವಿನ ಮ್ಯಾಲೆ ಹಾರೋ ಟಾನಿ ಕಾಸ್ಟರ್ ಅನ್ನೋ ಪಾತರಗಿತ್ತಿ ಗಂಡು ಜಾಗಾ ಅಲ್ಲ, ಹೆಣ್ಣನ್ನ ಕಾಯತದ. ಕೂಡಿದ ಮ್ಯಾಲೆ ಹೆಣ್ಣಿನ ಹೊಟ್ಟಿ ತುದಿಗೆ ಗಟ್ಟಿ ಬಿರಡಿ ಹಾಕಿಬಿಡತದ, ಬ್ಯಾರೆ ಗಂಡು ಕೂಡಬಾರದಂತ. ತತ್ತಿ ಇಡೋ ದಾರಿ ಬ್ಯಾರೆ ಇರೋದರಿಂದ ಅದಕ್ಕ ಅಡ್ಡಿಲ್ಲ.

ಉಣಕಲ್ ದಂಡಿ: ನಾಳೆ ಅದ ಹೊತ್ತಿಗೆ ಹೋಗಿ ನಾನೂ ಹಳ್ಳು ಒಗದ ನೋಡತೀನಿ.

ಗದಗಿನ ಮಾಸ್ತರ: ಮೈಮ್ಯಾಲೆ ಬೀಳಧಂಗ, ಒಂದ ಮಾರು ದೂರ ಒಗೀರಿ. ಹಳ್ಳಿನ ಹಿಂದ ಎಷ್ಟ ಸೆಕೆಂಡು, ಇನ್ನೊಂದು ಗಂಡಿನ ಹಿಂದ ಎಷ್ಟ ಸೆಕೆಂಡು, ಎರಡೂ ಬರಕೊಂಡ ಬರ್ರಿ.