ಹಿಯರ್ ಮತ್ತು ಲಿಸನ್: ಎರಡಕ್ಕೂ ‘ಕೇಳು’ ಎಂದರೆ ಸಾಕೇ?

ಪ್ರಶ್ನೆ:
ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದದಿಂದ ನಡೆದುಹೋಗುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹಿಯರ್, ಲಿಸನ್ ಎಂಬ ಎರಡು ಪದಗಳಿರುವುದು ನನಗೆ ಮೊದಲಿನಿಂದಲೂ ಗೊಂದಲವೇ. ಮೊನ್ನೆ ಆನ್‌ಲೈನ್ ಸಭೆಯೊಂದರಲ್ಲಿ ನನ್ನ ಧ್ವನಿ ತಲುಪುತ್ತಿದೆಯೇ ಎಂದು ತಿಳಿಯಲು ಹಿರಿಯ ಅಧಿಕಾರಿಯೊಬ್ಬರನ್ನು ‘ಆರ್ ಯು ಲಿಸನಿಂಗ್ ಟು ಮಿ?’ ಎಂದು ಕೇಳಿದೆ. ಅವರು ಕ್ಷಣಕಾಲ ಸುಮ್ಮನಿದ್ದು, ‘ಆಫ್ ಕೋರ್ಸ್ ಐ ಆಮ್’ ಎಂದು ತುಸು ಬಿಗಿಯಾಗಿಯೇ ಉತ್ತರಿಸಿದರು. ನಾನು ತಪ್ಪಿದ್ದೆಲ್ಲಿ?

ಉತ್ತರ 1:
ನೀವು ‘ನನ್ನ ಮಾತು ಕೇಳಿಸುತ್ತಿದೆಯೇ?’ ಎನ್ನಲು ಹೋಗಿ ‘ನನ್ನ ಮಾತಿಗೆ ಗಮನ ಕೊಡುತ್ತಿದ್ದೀರಾ?’ ಎಂದುಬಿಟ್ಟಿರಿ, ಮೇಷ್ಟ್ರು ಕಿಟಕಿಯಾಚೆ ನೋಡುತ್ತಿರುವ ಹುಡುಗನನ್ನು ಕೇಳುವ ಪ್ರಶ್ನೆ ಅದು. ಅಲ್ಲಿ ಬೇಕಾಗಿದ್ದದ್ದು ‘ಕ್ಯಾನ್ ಯು ಹಿಯರ್ ಮಿ?’. ಕನ್ನಡದಲ್ಲಿ ಒಂದೇ ಪದವಿದೆ ಎಂಬ ಮಾತನ್ನೂ ನಾನು ಒಪ್ಪಲಾರೆ. ‘ನನಗೆ ಸದ್ದು ಕೇಳಿಸಿತು’ ಎನ್ನುವಾಗ ಸದ್ದು ತಾನಾಗಿ ಬಂದು ಕಿವಿಗೆ ಬೀಳುತ್ತದೆ, ನಮ್ಮ ಪ್ರಯತ್ನವೇನೂ ಇಲ್ಲ, ಇದು ಹಿಯರ್. ‘ನಾನು ಕಿವಿಗೊಟ್ಟು ಕೇಳಿದೆ’ ಎನ್ನುವಾಗ ಕೆಲಸ ನಮ್ಮದು; ಇದು ಲಿಸನ್. ಕಾಣುವುದಕ್ಕೂ ನೋಡುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಆದ್ದರಿಂದಲೇ ‘ಐ ಲಿಸನ್ಡ್, ಬಟ್ ಐ ಹರ್ಡ್ ನಥಿಂಗ್’ ಎಂಬ ವಾಕ್ಯದಲ್ಲಿ ವಿರೋಧವೇನೂ ಇಲ್ಲ: ಕಿವಿಗೊಟ್ಟೆ, ಏನೂ ಕೇಳಿಸಲಿಲ್ಲ. ಬಳಸುವಾಗ ಒಂದು ಎಚ್ಚರವಿರಲಿ: ಯಾರ ಮಾತು ಅಥವಾ ಯಾವ ಹಾಡು ಎಂದು ಹೇಳುವಾಗ ಲಿಸನ್ ಪದದ ಜೊತೆ ‘ಟು’ ಬರಲೇಬೇಕು. ‘ಲಿಸನ್ ಮಿ’ ಎಂಬುದು ನಮ್ಮಲ್ಲಿ ಬಹಳ ಕಿವಿಗೆ ಬೀಳುವ ತಪ್ಪು.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಪ್ರಯತ್ನವಿದ್ದಲ್ಲೆಲ್ಲ ಲಿಸನ್ ಎಂದು ಗಟ್ಟಿಮಾಡಿಕೊಳ್ಳಬೇಡಿ. ನ್ಯಾಯಾಧೀಶರು ಎರಡೂ ಕಡೆಯ ವಾದವನ್ನು ಎಷ್ಟೇ ಗಮನವಿಟ್ಟು ಆಲಿಸಿದರೂ ವಿಚಾರಣೆಗೆ ಇಂಗ್ಲಿಷಿನಲ್ಲಿ ಹಿಯರಿಂಗ್ ಎಂದೇ ಹೆಸರು. ಒಬ್ಬರ ಭಾಷಣಕ್ಕೆಂದೇ ಹೋಗಿ ಕುಳಿತು ಕೇಳಿ ಬಂದವರೂ ‘ಐ ಹರ್ಡ್ ಹರ್ ಸ್ಪೀಕ್’ ಎನ್ನುತ್ತಾರೆ. ಸುದ್ದಿ ತಿಳಿಯುವುದಕ್ಕೂ ಹಿಯರ್ ಪದವೇ ಬರುತ್ತದೆ. ‘ಐ ಹಿಯರ್ ಯು ಆರ್ ಲೀವಿಂಗ್’ ಎಂದರೆ ‘ನೀವು ಹೊರಡುತ್ತೀರಂತೆ’ ಎಂದರ್ಥ. ಆ ವಾಕ್ಯದ ಮೊದಲ ಎರಡು ಪದಗಳ ಕೆಲಸವನ್ನೆಲ್ಲ ನಮ್ಮ ‘ಅಂತೆ’ ಒಂದೇ ಮಾಡಿಬಿಡುತ್ತದೆ!

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ‘ಮಗ ಹೇಳಿದ ಮಾತು ಕೇಳುವುದಿಲ್ಲ’ ಎಂಬ ದೂರಿಗೆ ಯಾವುದು ಹೊಂದುತ್ತದೆ?

ಉತ್ತರ 3:
ಲಿಸನ್. ‘ಹಿ ನೆವರ್ ಲಿಸನ್ಸ್ ಟು ಮಿ’ ಎಂದರೆ, ಕನ್ನಡದಲ್ಲಿರುವಂತೆಯೇ, ಮಾತಿಗೆ ಬೆಲೆ ಕೊಡುವುದಿಲ್ಲ ಎಂಬ ಅರ್ಥ ಬರುತ್ತದೆ. ಅಲ್ಲಿ ಹಿಯರ್ ಹಾಕಿದರೆ ಕೇಳಿದವರು ಹುಡುಗನ ಕಿವಿಯ ಬಗ್ಗೆಯೇ ಅನುಮಾನಪಟ್ಟಾರು. ಪರೀಕ್ಷೆಗಳ ಹೆಸರಿನಲ್ಲಿಯೂ ಇದೇ ಭೇದವಿದೆ: ಹಿಯರಿಂಗ್ ಟೆಸ್ಟ್ ಕಿವಿಯ ಶಕ್ತಿಯನ್ನು ಅಳೆಯುವಂಥದ್ದು, ಇಂಗ್ಲಿಷ್ ಭಾಷಾ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ 40 ಪ್ರಶ್ನೆಗಳಿರುವ ಲಿಸನಿಂಗ್ ಟೆಸ್ಟ್ ಕೇಳಿದ್ದು ಎಷ್ಟು ಅರ್ಥವಾಯಿತೆಂದು ಅಳೆಯುವಂಥದ್ದು. ಮೊದಲನೆಯದಕ್ಕೆ ಓದಿಕೊಂಡು ಹೋಗುವ ಅಗತ್ಯವಿಲ್ಲ.