ಬೆಡ್ ಆಕ್ಯುಪೆನ್ಸಿಗೆ ‘ಭರ್ತಿ’ ಅಂದರೆ ಸರಿಯಾ?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆ ಸಿಬ್ಬಂದಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ದಿನಕ್ಕೆ ಎಷ್ಟು ಜನ ಬರುತ್ತಾರೆ, ಅವರಿಗೆ ಎಷ್ಟು ಹಾಸಿಗೆ, ಎಷ್ಟು ನರ್ಸ್‌ಗಳು ಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಹೇಗೆ ಅನ್ನೋದು ವಿಷಯ. ಒಳರೋಗಿ, ಹೊರರೋಗಿ ಅನ್ನುವ ಚೆಂದದ ಪದಗಳು ಆಗಲೇ ಇವೆ. ನಾನು ಸಿಕ್ಕಿಕೊಂಡಿರುವುದು ‘ಬೆಡ್ ಆಕ್ಯುಪೆನ್ಸಿ’ ಹತ್ತಿರ, ಅಂದರೆ ಇರುವ ಹಾಸಿಗೆಗಳಲ್ಲಿ ಎಷ್ಟು ಪಾಲು ಬಳಕೆಯಲ್ಲಿದೆ ಅನ್ನುವ ಲೆಕ್ಕ.

ಲೆಕ್ಕ ಸುಲಭ. ಒಂದು ಹಾಸಿಗೆ ಒಂದು ದಿನಕ್ಕೆ ಅಂದರೆ ಒಂದು ‘ಹಾಸಿಗೆ-ದಿನ’; 100 ಹಾಸಿಗೆಯ ಆಸ್ಪತ್ರೆಗೆ 30 ದಿನಕ್ಕೆ 3,000 ಹಾಸಿಗೆ-ದಿನ. (ನರೇಗಾದ ‘ಮಾನವ ದಿನ’ ಕೇಳಿದ್ದೀರಲ್ಲ, ಅದೇ ಜಾಡು.) ಅದರಲ್ಲಿ 2,550 ಬಳಕೆಯಾದರೆ ಶೇ 85. ಇದಕ್ಕೆ ಹೆಸರೇನು? ಮನೆ ಕಟ್ಟಿದವರಿಗೆ ಕೊಡುವ ಓಸಿಯನ್ನು (ಆಕ್ಯುಪೆನ್ಸಿ ಸರ್ಟಿಫಿಕೇಟ್) ‘ಸ್ವಾಧೀನಾನುಭವ ಪತ್ರ’ ಅನ್ನುತ್ತಾರೆ. ಕಾಯಿಲೆ ಬಿದ್ದವರಿಗೆ ಆ ಪದ ಹಚ್ಚಲು ನನಗೆ ಮನಸ್ಸು ಬರಲ್ಲ.

ಪೇಪರಿನಲ್ಲಿ ಜಲಾಶಯದ ಮಟ್ಟ ಓದುವಾಗ ‘ಭರ್ತಿ’ ಹೊಳೆಯಿತು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಆಸ್ಪತ್ರೆಯದೂ ಇದೇ ಲೆಕ್ಕ ಅಲ್ವಾ? ದಿನಕ್ಕೆ 20 ಜನ ಅಡ್ಮಿಟ್ ಆಗಿ, ಒಬ್ಬೊಬ್ಬರು ಸರಾಸರಿ 4 ದಿನ ಇದ್ದರೆ 80 ಹಾಸಿಗೆ ತುಂಬಿರುತ್ತವೆ. ಅದೇ 5 ದಿನ ಇದ್ದರೆ ನೂರೂ ಭರ್ತಿ. ಬರುವವರು ಒಬ್ಬರೂ ಜಾಸ್ತಿಯಾಗಿಲ್ಲ, ಜಾಗ ಮುಗಿದೇ ಹೋಯಿತು! ಇದನ್ನು ‘ಒಳಹರಿವು, ಹೊರಹರಿವು’ ಅಂತ ಹೇಳಿದರೆ ನಮ್ಮವರಿಗೆ ಥಟ್ಟನೆ ಅರ್ಥವಾಗುತ್ತೆ.

ಆದರೆ ಒಂದು ತೊಡಕು. ಕೆಆರ್‌ಎಸ್ ಭರ್ತಿ ಅಂದರೆ ಬಾಗಿನ ಬಿಡುವ ಸಂಭ್ರಮ. ಆಸ್ಪತ್ರೆ ಭರ್ತಿ ಅಂದರೆ ಯಾರೋ ಬಾಗಿಲಲ್ಲಿ ನಿಂತಿದ್ದಾರೆ ಅಂತ. ಬ್ರಿಟನ್‌ನಲ್ಲಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸರಾಸರಿ ಶೇ 85 ದಾಟಿದ ಮೇಲೆ ತುರ್ತಾಗಿ ಬಂದವರಿಗೆ ಹಾಸಿಗೆ ಸಿಗದಿರುವ ಅಪಾಯ ಕಾಣಿಸಿಕೊಳ್ಳುತ್ತೆ. 90 ದಾಟಿದರೆ ಪದೇ ಪದೇ ಪರದಾಟ. ‘ಶೇ 98 ಭರ್ತಿ’ ಅಂತ ಓದಿದವರು ಅದನ್ನು ಒಳ್ಳೆ ಸುದ್ದಿ ಅಂದುಕೊಂಡರೆ ಏನು ಗತಿ?

ಇನ್ನು ‘ಹಾಸಿಗೆ’ಯ ವಿಷಯ. 2021ರ ಏಪ್ರಿಲ್, ಮೇನಲ್ಲಿ, ಕೋವಿಡ್ ಜೋರಾಗಿದ್ದಾಗ, ಬೆಂಗಳೂರಿನಲ್ಲಿ ನನ್ನ ಕಿವಿಗೆ ಬೀಳುತ್ತಿದ್ದದ್ದು ‘ಬೆಡ್ ಸಿಕ್ತಾ?’ ಅನ್ನುವ ಮಾತು. ‘ಹಾಸಿಗೆ ಸಿಕ್ತಾ’ ಅಂತ ಕೇಳಿದ್ದು ನೆನಪಿಲ್ಲ. ಬೆಡ್ ಅಂದರೆ ಅದರಲ್ಲಿ ಆಕ್ಸಿಜನ್, ನರ್ಸ್, ಡಾಕ್ಟರ್ ಎಲ್ಲ ಸೇರಿತ್ತು. ಕೈಪಿಡಿಯಲ್ಲೂ ಬೆಡ್ ಅಂತಲೇ ಬಿಡೋಣ ಅನಿಸುತ್ತೆ.

ಕೊನೆಯದಾಗಿ ಇನ್ನೊಂದು ಪದ ಬೇಕು. ಎರಡು ವರ್ಷದ ಹಿಂದೆ ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ಬೆಳಗ್ಗೆ 10ಕ್ಕೆ ಡಾಕ್ಟರು ‘ಮನೆಗೆ ಹೋಗಬಹುದು’ ಅಂದರು. ಬಿಲ್ ಕೈಗೆ ಬಂದಾಗ ಸಂಜೆ 5. ಅಷ್ಟು ಹೊತ್ತೂ ಅಪ್ಪ ಶರ್ಟು ತೊಟ್ಟು, ಚಪ್ಪಲಿ ಮೆಟ್ಟಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ಬಾಗಿಲಾಚೆ ಸ್ಟ್ರೆಚರ್ ಮೇಲೆ ಒಬ್ಬ ಅಜ್ಜಿ. ನರ್ಸ್ ಫೋನಿನಲ್ಲಿ ‘ಬೆಡ್ ಫುಲ್’ ಅನ್ನುತ್ತಿದ್ದರು. ಡಿಸ್ಚಾರ್ಜ್ ಆಗಿಯೂ ಬಿಡುವಾಗದ ಇಂಥ ಬೆಡ್‌ಗೆ ನಿಮ್ಮ ಕಡೆ ಏನಂತಾರೆ? ವಾರ್ಡಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.