‘ದ್ವೀಪ’ ಚಿತ್ರದ ನಿಧಾನವನ್ನು ಹೇಗೆ ನೋಡಬೇಕು?

ಪ್ರಶ್ನೆ:
ಹಾಡು, ಹೊಡೆದಾಟ, ವೇಗದ ಕಥೆ ಇರುವ ಚಿತ್ರಗಳನ್ನೇ ನೋಡುತ್ತ ಬೆಳೆದವನು ನಾನು. ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಅವರ ಅಭಿನಯವನ್ನು ಬಹಳ ಮೆಚ್ಚಿದ್ದರಿಂದ, ಅವರೇ ನಿರ್ಮಿಸಿ ನಟಿಸಿರುವ, ಗಿರೀಶ ಕಾಸರವಳ್ಳಿಯವರ ನಿರ್ದೇಶನದ ‘ದ್ವೀಪ’ವನ್ನು (2002) ನೋಡಿದೆ. ಮಳೆಯ ಚಿತ್ರೀಕರಣ ಮನಸ್ಸನ್ನು ಹಿಡಿದಿಟ್ಟಿತು. ಆದರೆ ನೀರು, ಗುಡ್ಡ, ದೋಣಿ ಎಲ್ಲವೂ ಏನನ್ನೋ ಸಂಕೇತಿಸುತ್ತಿವೆ, ಅದು ನನಗೆ ಮಾತ್ರ ತಿಳಿಯುತ್ತಿಲ್ಲ ಎಂಬ ಆತಂಕದಲ್ಲೇ ಚಿತ್ರ ಮುಗಿಯಿತು. ಏರುವ ನೀರಿನಿಂದ ಬದುಕುಳಿದ ಮೇಲೂ ನಾಯಕಿ ನಾಗಿ (ಸೌಂದರ್ಯ ಅವರ ಪಾತ್ರ) ಏಕೆ ನೊಂದುಕೊಳ್ಳುತ್ತಾಳೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಸಂಕೇತವನ್ನು ಒಗಟಿನಂತೆ ಬಿಡಿಸಲು ಹೊರಟರೆ ಕಣ್ಣೆದುರಿಗಿರುವುದೇ ತಪ್ಪಿಹೋಗುತ್ತದೆ. ಈ ಚಿತ್ರದಲ್ಲಿ ನೀರು ಮೊದಲು ನೀರೇ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಊರುಗಳೇ ಮುಳುಗಿದವು, ನಾ. ಡಿಸೋಜ ಅವರ ಮೂಲ ಕಾದಂಬರಿ ಹುಟ್ಟಿದ್ದು ಆ ಮುಳುಗಡೆಯ ನೋವಿನಿಂದ. ಸೀತಾಪರ್ವತ ಎಂಬ ಗುಡ್ಡದಲ್ಲಿ ಪೂಜೆ ಮಾಡಿಕೊಂಡಿರುವ ನಾಗಿಯ ಗಂಡ ಗಣಪನಿಗೆ ಅಲ್ಲಿ ಸಿಗುವ ಮರ್ಯಾದೆಯನ್ನು ಯಾವ ಪರಿಹಾರದ ಹಣವೂ ಕೊಡಲಾರದು ಎಂಬುದು ಅರ್ಥವಾದರೆ, ಅವನು ಏಕೆ ಆ ಗುಡ್ಡವನ್ನು ಬಿಡಲಾರದೆ ಒದ್ದಾಡುತ್ತಾನೆ ಎಂಬುದೂ ಅರ್ಥವಾಗುತ್ತದೆ.

ಇನ್ನು ನಾಗಿ. ಏರುತ್ತಿರುವ ನೀರಿನ ನಡುವೆ ಸಂಸಾರವನ್ನು ಉಳಿಸುವುದು ಅವಳ ದುಡಿಮೆ ಮತ್ತು ಅವಳ ಧೈರ್ಯ. ಅಪಾಯ ಕಳೆದ ಮೇಲೆ ಗಂಡ ಅದನ್ನೆಲ್ಲ ದೈವಕೃಪೆಯೆಂದು ಹೇಳಿಬಿಡುತ್ತಾನೆ, ಅವಳ ಪಾಲನ್ನು ನೆನೆಯುವುದೇ ಇಲ್ಲ. ಅವಳ ಕೆಲಸವನ್ನು ನಾವು ಅಷ್ಟು ಹೊತ್ತು, ಆತುರವಿಲ್ಲದೆ ನೋಡಿರುವುದರಿಂದಲೇ ಆ ಮರೆವು ನಮಗೂ ತಾಗುತ್ತದೆ. ಎರಡೇ ನಿಮಿಷದಲ್ಲಿ ತೋರಿಸಿದ್ದರೆ ನಾವೂ ಗಣಪನಂತೆ ಮರೆತುಬಿಡುತ್ತಿದ್ದೆವು.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ನಿಧಾನವೇ ಒಂದು ಗುಣವೆಂದು ಯಾರೂ ಭಾವಿಸಬೇಕಾಗಿಲ್ಲ. ಕಾರಣವಿಲ್ಲದೆ ದೃಶ್ಯವನ್ನು ಎಳೆಯುವ ಚಿತ್ರಗಳೂ ಇವೆ, ಅವುಗಳನ್ನು ನೋಡಿ ಬೇಸರಗೊಂಡರೆ ಅದು ಪ್ರೇಕ್ಷಕನ ಕೊರತೆಯಲ್ಲ. ಈ ದೃಶ್ಯವನ್ನು ಮೊಟಕುಗೊಳಿಸಿದರೆ ಏನು ಕಳೆದುಹೋಗುತ್ತದೆ ಎಂದು ನಾನು ಕೇಳಿಕೊಳ್ಳುತ್ತೇನೆ. ‘ದ್ವೀಪ’ದಲ್ಲಿ ಮಳೆ ಬೇಗ ನಿಂತರೆ, ನೆರೆಹೊರೆಯಿಲ್ಲದೆ ಕಳೆಯುವ ದಿನಗಳ ಭಾರವೂ, ಕೃಷ್ಣ ಎಂಬ ಯುವಕ ಅವರ ಮನೆಗೆ ಬಂದ ಮೇಲೆ ಗಣಪನಲ್ಲಿ ಮೆಲ್ಲನೆ ಬೆಳೆಯುವ ಅನುಮಾನವೂ ನಂಬುವಂತಿರುವುದಿಲ್ಲ. ಸಾಧ್ಯವಾದರೆ ಕತ್ತಲೆಯ ಕೋಣೆಯಲ್ಲಿ, ಮೊಬೈಲ್ ದೂರವಿಟ್ಟು, ಶಬ್ದವನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತ ಮತ್ತೊಮ್ಮೆ ನೋಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಾಗಿಯ ದುಡಿಮೆಯ ದೃಶ್ಯಗಳನ್ನು ನಾನು ಕಥೆಯ ನಡುವಿನ ಬಿಡುವೆಂದೇ ತಿಳಿದಿದ್ದೆ. ಮುಂದೆ ಯಾವ ಚಿತ್ರವನ್ನು ನೋಡುವುದು ಒಳ್ಳೆಯದು?

ಉತ್ತರ 3:
ಅದೇ ನಿರ್ದೇಶಕರ ‘ತಬರನ ಕಥೆ’ಯನ್ನು (1986) ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರದಲ್ಲಿ ಚಾರುಹಾಸನ್ ಅಭಿನಯಿಸಿರುವ ತಬರನು ಪಿಂಚಣಿಗಾಗಿ ಕಚೇರಿಗಳಿಗೆ ಅಲೆಯುತ್ತಾನೆ. ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಕಥೆಯ ಎಳೆ ಸ್ಪಷ್ಟವಾಗಿರುವುದರಿಂದ ‘ದ್ವೀಪ’ಕ್ಕಿಂತ ಸುಲಭವಾಗಿ ಒಳಗೆ ಕರೆದುಕೊಳ್ಳುತ್ತದೆ. ‘ಘಟಶ್ರಾದ್ಧ’ವನ್ನು (1977) ಅದಾದ ಮೇಲೆ ನೋಡಿ, ಅಲ್ಲಿ ಯಮುನೆಯ ಸಂಕಟವನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದ ನೋಡಬೇಕಾಗುತ್ತದೆ, ಅವನಿಗೆ ತಿಳಿಯದ್ದನ್ನು ನಾವೇ ಕೂಡಿಸಿಕೊಳ್ಳಬೇಕಾಗುತ್ತದೆ.